ಕಿಟಕಿಯಿಂದ ಸಮುದ್ರ ಕಾಣುವ ಆಸ್ಪತ್ರೆ

ಮಾನ್ಯ ಅಧ್ಯಕ್ಷರೇ, ಪಾದ್ರಿಗಳೇ, ನಮ್ಮ ಮಾರುಕಟ್ಟೆ ಬೀದಿಯ ಸಭಿಕರೇ, ಯಾರು ಎಲ್ಲಿ ಕುಳಿತಿದ್ದೀರೋ ನನಗೆ ಮಸುಕು ಮಸುಕು. ಅಧ್ಯಕ್ಷರ ಬದಲು ಕಂಬಕ್ಕೆ ತಲೆಬಾಗಿದ್ದರೆ ಮನ್ನಿಸಿ.

ಇಂದು ನಮ್ಮ ನರ್ಸ್ ಎರ್ಮೆಲಿಂದಾ ಅವರಿಗೆ ಬೀಳ್ಕೊಡುಗೆ. ಅವರು ಮಾಡಿದ್ದನ್ನೆಲ್ಲ ಒಂದು ಭಾಷಣದಲ್ಲಿ ಹೇಳಲಾದೀತೇ? ಈ ದರ್ಜಿ ಅನ್ಸೆಲ್ಮೋನಿಂದಂತೂ ಆಗದು. ನನ್ನ ಮನಸ್ಸೆಲ್ಲ ಎಡಗಣ್ಣಿನಲ್ಲಿದೆ. ಗುರುವಾರ ಅದರ ಪೊರೆ ತೆಗೆಸಬೇಕು. ಬಲಗಣ್ಣು ಹಿಂದೆಯೇ ಹೋಯಿತು. ಸೂಜಿಗೆ ದಾರ ಪೋಣಿಸುವುದಕ್ಕೆ ಉಳಿದಿರುವುದು ಇದೊಂದೇ.

ಎಲ್ಲಿ ತೆಗೆಸುವುದು? ಮಗಳು ಆರೆಲಿಯಾ ಫೋನು ಹಿಡಿದು ಕೂತಳು. ಕಣ್ಣು ಕಾಯುವ ಸಂತ ಲೂಸಿಯಾಳ ಹೆಸರಿನ ಆಸ್ಪತ್ರೆ ನಮ್ಮೂರಲ್ಲೇ ಇದೆಯಲ್ಲ. “ಅಪ್ಪಾ, ಎಲ್ರೂ ಐದೈದು ನಕ್ಷತ್ರ ಕೊಟ್ಟಿದಾರೆ, ಕೇಳಿಲ್ಲಿ,” ಎಂದು ಓದಿದಳು. ಒಬ್ಬರಿಗೆ ನೋವೇ ಆಗಲಿಲ್ಲವಂತೆ. ಇನ್ನೊಬ್ಬರಿಗೆ ಡಾಕ್ಟರು ಹಾಡಿಕೊಳ್ಳುತ್ತಲೇ ಪೊರೆ ತೆಗೆದರಂತೆ. ಪಟ್ಟಿ ಬಿಚ್ಚಿದೊಡನೆ ಕಿಟಕಿಯಿಂದ ಸಮುದ್ರ ಕಂಡಿತೆಂದು ಒಬ್ಬಾಕೆ ಬರೆದಿದ್ದಳು. ಕೇಳಿ ನನಗೆ ಅಳುವೇ ಬಂತು. ಕೂಡಲೇ ದಿನ ಗೊತ್ತುಮಾಡಿಸಿದೆ.

ಎರ್ಮೆಲಿಂದಾ ನನ್ನ ಬಿ.ಪಿ. ನೋಡುತ್ತಾ ಇದನ್ನೆಲ್ಲ ಕೇಳಿಸಿಕೊಂಡರು. “ಅನ್ಸೆಲ್ಮಣ್ಣಾ, ಈ ಬೆಟ್ಟದೂರಿಗೆ ಸಮುದ್ರ ಯಾವಾಗ ಬಂತು?”

ಹೌದಲ್ಲ, ಯಾವಾಗ ಬಂತು? ಲೂಸಿಯಾಳ ಹೆಸರಿನ ಕಣ್ಣಾಸ್ಪತ್ರೆ ಎಕ್ವಡಾರಿನಲ್ಲಿ ಊರಿಗೊಂದು ಇದ್ದೀತು. ನಾವು ಓದಿದ್ದು ಕೆಳಗೆ ಕರಾವಳಿಯ ಯಾವುದೋ ಊರಿನದು. ನಮ್ಮೂರಿನದರ ಬಗ್ಗೆ ಇದ್ದದ್ದು ಒಂದೇ ಮಾತು: ಸೂಪು ತಣ್ಣಗಿತ್ತು, ಒಂದು ನಕ್ಷತ್ರ.

“ಹಾಗಾದ್ರೆ ಹೋಗೋದು ಬೇಡ್ವಾ ತಾಯಿ?” ಎಂದೆ.

“ಸೂಪು ತಣ್ಣಗಿದ್ರೆ ಡಾಕ್ಟರ ಕೈ ಕೆಟ್ಟದ್ದು ಅಂತೇನಲ್ಲ. ಒಳ್ಳೇದು ಅಂತ್ಲೂ ಅಲ್ಲ. ಅಲ್ಲಿ ಮಾಡಿಸ್ಕೊಂಡೋರನ್ನ ಕೇಳಣ್ಣಾ, ನಂಗೂ ಗೊತ್ತಿಲ್ಲ.”

ಅವರ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಕೇಳಿದ್ದು ಅದೇ ಮೊದಲು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಬುಧವಾರ ಅವರು ಮಗನ ಊರಿಗೆ ಹೊರಡುತ್ತಾರೆ. ನನ್ನ ಪಟ್ಟಿ ಬಿಚ್ಚುವಾಗ ಇರುವುದಿಲ್ಲ. ಅದಕ್ಕೇ ಸಭಿಕರೇ, ಹೊಗಳಿಕೆಯ ಜಾಗದಲ್ಲಿ ಒಂದು ಪ್ರಶ್ನೆ ಇಡುತ್ತೇನೆ. ನಿಮ್ಮಲ್ಲಿ ಯಾರಾದರೂ ಆ ಆಸ್ಪತ್ರೆಯಲ್ಲಿ ಪೊರೆ ತೆಗೆಸಿದ್ದೀರಾ? ಈಗ ಕಾಣುತ್ತದೆಯೇ? ದಯವಿಟ್ಟು ಕೈ ಎತ್ತಬೇಡಿ, ಎತ್ತಿದರೆ ನನಗೆ ತಿಳಿಯುವುದಿಲ್ಲ. ಆಮೇಲೆ ಜೋಳದ ಕಡುಬು ಹುಮಿತಾ ತಿನ್ನುವಾಗ ಹತ್ತಿರ ಬಂದು, ಹೆಗಲು ಮುಟ್ಟಿ ಹೇಳಿ. ಒಳ್ಳೆಯದಾದರೂ ಹೇಳಿ, ಕೆಟ್ಟದಾದರೂ ಹೇಳಿ.

ಕೇಳಿದ್ದಕ್ಕೆ ಎಲ್ಲರಿಗೂ ವಂದನೆ. ಎರ್ಮೆಲಿಂದಾ, ನೀವು ಯಾವ ಕಡೆ ಕುಳಿತಿದ್ದೀರೋ, ಆ ಕಡೆಗೆ ನನ್ನ ನಮಸ್ಕಾರ.