ಮೋಟರಿಗೆ ವಿಶ್ರಾಂತಿ

ಮಾನ್ಯ ಅಧ್ಯಕ್ಷರಾದ ಶ್ರೀಕಂಠ ಅವರೇ, ಕನ್ನಡ ಬಾರದಿದ್ದರೂ ಒಂದು ಗಂಟೆಯಿಂದ ತಲೆದೂಗುತ್ತಿರುವ ಮುಖ್ಯ ಅತಿಥಿಗಳಾದ ದುರ್ಗಾಪ್ರಸಾದ್ ಗಾರೂ, ವಿಶಾಖಪಟ್ಟಣದ ಕನ್ನಡ ಬಳಗದ ಸಭಿಕರೇ,

ಹಳೆಯದಾದರೂ ಓಡುವ ಮನೆಸಾಮಾನುಗಳ ಸ್ಪರ್ಧೆಯಲ್ಲಿ ನನ್ನ ಮಿಕ್ಸಿಗೆ ಮೊದಲ ಬಹುಮಾನ ಕೊಟ್ಟಿದ್ದೀರಿ. ಅರವತ್ತೊಂಬತ್ತರಲ್ಲಿ ಮದುವೆಗೆ ಮಾವನವರು ಕೊಟ್ಟದ್ದು. ಇಪ್ಪತ್ತೇಳು ವರ್ಷ, ಬ್ಯಾಂಕಿನ ಏಳು ವರ್ಗಾವಣೆ, ಈ ಊರಿನ ಉಪ್ಪುಗಾಳಿ, ಎಲ್ಲವನ್ನೂ ಅರಗಿಸಿಕೊಂಡಿದೆ. ನಾನು ನಿವೃತ್ತನಾದೆ, ಅದು ಆಗಲಿಲ್ಲ!

ಇದರ ಗುಟ್ಟು ಹೇಳಿ ಎಂದು ಅಧ್ಯಕ್ಷರ ಅಪ್ಪಣೆ. ಗುಟ್ಟೇನು ಬಂತು? ಜೋಪಾನ. ಎರಡು ನಿಮಿಷ ಓಡಿಸಬೇಕು, ಐದು ನಿಮಿಷ ಬಿಡಬೇಕು. ವಿಜಯವಾಡದಲ್ಲಿದ್ದಾಗ ದಿನಾ ಬೆಳಿಗ್ಗೆ ಗಡಿಯಾರ ಹಿಡಿದು ಅಡುಗೆಮನೆಯಲ್ಲೇ ನಿಲ್ಲುತ್ತಿದ್ದೆ. ಮೋಟರಿನ ಮೇಲೆ ಅಂಗೈಯಿಟ್ಟು ನೋಡುತ್ತಿದ್ದೆ. "ಮೃಣಾಲಿನಿ, ನಿಲ್ಸು, ಬಿಸಿ ಆಗ್ತಿದೆ. ಸ್ವಲ್ಪ ಸುಧಾರಿಸ್ಕೊಳ್ಲಿ" ಎಂದು ಹೆಂಡತಿಗೆ ಹೇಳುತ್ತಿದ್ದೆ. ನಿಲ್ಲಿಸುತ್ತಿದ್ದಳು. ಅದು ಸುಧಾರಿಸಿಕೊಳ್ಳುವಷ್ಟರಲ್ಲಿ ಉಳಿದ ಮಸಾಲೆಯನ್ನು ಒರಳಿನಲ್ಲಿ ರುಬ್ಬಿ ಮುಗಿಸುತ್ತಿದ್ದಳು. ನನಗೆ ಎಂಟೂವರೆಗೆ ಊಟವಾಗಬೇಕಿತ್ತು ನೋಡಿ.

ಎಂಬತ್ತಮೂರರ ಮೇ ತಿಂಗಳು. ವಿಜಯವಾಡದ ಬಿಸಿಲನ್ನು ನಿಮಗೆ ನಾನು ಹೇಳಬೇಕೇ? ಒಂದು ಬೆಳಿಗ್ಗೆ ಒರಳಿನ ಮುಂದೆ ಕುಳಿತವಳು ಅಂದಳು: "ದಿನಾ ಅದನ್ನೇ ಮುಟ್ಟಿ ನೋಡ್ತೀರಲ್ಲ, ಇವತ್ತೊಂದ್ಸಲ ನನ್ನ ಹಣೆ ಮುಟ್ಟಿ ನೋಡಿ." ತಮಾಷೆ ಎಂದುಕೊಂಡೆ. ನಕ್ಕೆ. ಸಭಿಕರೇ, ನಾನು ನಿಜವಾಗಿಯೂ ನಕ್ಕೆ. ನಕ್ಕು ಬ್ಯಾಂಕಿಗೆ ಹೋದೆ.

ಮಧ್ಯಾಹ್ನ ಪಕ್ಕದ ಮನೆಯ ಕೋಟೇಶ್ವರಮ್ಮನವರು ಬ್ಯಾಂಕಿಗೆ ಫೋನ್ ಮಾಡಿಸಿದರು. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಾಲ್ಕು ದಿನದಿಂದ ಜ್ವರವಿತ್ತಂತೆ. ಆ ತಾಯಿಗೆ ಗೊತ್ತಿತ್ತು, ಗಂಡನಾದ ನನಗೆ ಗೊತ್ತಿರಲಿಲ್ಲ. "ಮೀಕು ತೆಲೀದಾಂಡೀ?" ನಿಮಗೆ ಗೊತ್ತಿರಲಿಲ್ಲವೇ ಎಂದು ಅವರು ಕೇಳಿದ್ದು ಒಂದೇ ಮಾತು.

ಇದನ್ನೆಲ್ಲ ಹೇಳಬೇಕೆಂದು ಬಂದವನಲ್ಲ. ಬಾಯಿಗೆ ಬಂದದ್ದಾಯಿತು, ಪೂರ್ತಿ ಹೇಳಿಬಿಡುತ್ತೇನೆ. ಹದಿಮೂರು ವರ್ಷದಿಂದ ನನ್ನ ಅಡುಗೆ ನನ್ನದೇ. ಗಡಿಯಾರ ನೋಡುವುದಿಲ್ಲ. ಒಣ ಕಡಲೆ, ಅರಿಶಿನದ ಕೊಂಬು, ಕೈಗೆ ಸಿಕ್ಕಿದ್ದು ಹಾಕಿ ಹತ್ತು ನಿಮಿಷ, ಕಾಲು ಗಂಟೆ ಬಿಡದೆ ಓಡಿಸುತ್ತೇನೆ. ಸುಟ್ಟುಹೋಗಲಿ ಎಂದೇ ಓಡಿಸುತ್ತೇನೆ. ವಾಸನೆ ಬರುತ್ತದೆ, ಹೊಗೆಯೂ ಬರುತ್ತದೆ. ಮಾರನೆಯ ದಿನ ಸ್ವಿಚ್ ಹಾಕಿದರೆ ಏನೂ ಆಗಿಲ್ಲವೆಂಬಂತೆ ತಿರುಗುತ್ತದೆ.

ಅಧ್ಯಕ್ಷರೇ, ಈ ಪ್ರಶಸ್ತಿಪತ್ರದಲ್ಲಿ 'ಅಕ್ಕರೆಯಿಂದ ನೋಡಿಕೊಂಡದ್ದಕ್ಕಾಗಿ' ಎಂದು ಬರೆಸಿದ್ದೀರಿ. ದಯವಿಟ್ಟು ಆ ಸಾಲನ್ನು ಹೊಡೆದುಹಾಕಿ ಕೊಡಿ, ತೆಗೆದುಕೊಳ್ಳುತ್ತೇನೆ. ಇಷ್ಟು ಹೊತ್ತು ಕೂತು ಕೇಳಿದಿರಿ, ದೊಡ್ಡ ಉಪಕಾರವಾಯಿತು. ನಮಸ್ಕಾರ.