ಸಮಿತಿ ಬಾರದ ವರ್ಷ

ನನ್ನ ವಿಸಿಟಿಂಗ್ ಕಾರ್ಡು ತಯಾರಾಗುವವರೆಗೆ ಮುದ್ರಣಾಲಯದ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಕ್ಲಬ್ಬಿನ ಕಾರ್ಯದರ್ಶಿ. ಅವರ ಮಡಿಲಲ್ಲಿ ವಾರ್ಷಿಕ ವೃತ್ತಿಪರ ಸ್ಕ್ವಾಷ್ ಟೂರ್ನಮೆಂಟಿನ ಇತಿಹಾಸದ ಕರಡಚ್ಚು; ತೆರೆದ ಪುಟದ ಅರ್ಧದಷ್ಟು ಅಂದಿನ ಅಧ್ಯಕ್ಷರ ಫೋಟೋ. ಅದರ ಕೆಳಗಿನ ಒಂದು ಸಾಲಿನ ಮೇಲೆ ಬೆರಳೂರಿ ಅವರ ಆಚೆ ಬದಿಗೆ ಕೂತಿದ್ದವರು, ಆ ಟೂರ್ನಮೆಂಟಿನಲ್ಲಿ ಮೂವತ್ತು ವರ್ಷ ಸ್ಕೋರು ಕೂಗಿದ್ದ ಅಜ್ಜಿ.

“ಹನ್ನೊಂದನೇ ವರ್ಷ ‘ನಡೆಯಲಿಲ್ಲ’ ಅಂತ ಯಾರು ಬರೆದದ್ದು?”

“ಸಮಿತಿ ದಾಖಲೆಯಲ್ಲಿ ಹಾಗೇ ಇದೆಯಮ್ಮ.”

“ಹೆಂಗಸರಿಗೂ ಪಂದ್ಯ ಇಡಿ ಅಂದಿದ್ದಕ್ಕೆ ನಿಮ್ಮ ಸಮಿತಿ ಮುಖ ಊದಿಸ್ಕೊಂಡು ಮನೆಗೆ ಹೋಯ್ತು. ನಿಮ್ಮ ಕೋಳಿ ಕೂಗದಿದ್ರೆ ಬೆಳಗಾಗಲ್ವಾ? ಎಂಟು ಜನ ಹೆಣ್ಮಕ್ಕಳು ಆಡಿದ್ರು. ಸ್ಕೋರು ನಾನೇ ಕೂಗ್ದೆ.”

“ಸರಿ, ಗೆದ್ದವರ ಹೆಸರು ಹೇಳಿ.”

“ಯಾರೂ ಗೆಲ್ಲಲಿಲ್ಲ. ಫೈನಲ್ಲು, ಐದನೇ ಗೇಮು, ಎಂಟು ಎಂಟು. ಉಳಿದಿದ್ದ ಒಂದೇ ಚೆಂಡು ಒಡೆದು ಎರಡು ಹೋಳಾಯ್ತು.”

“ಇನ್ನೊಂದು ತರಿಸೋದಲ್ವಾ?”

“ಉಗ್ರಾಣದಲ್ಲಿ ಡಬ್ಬಗಟ್ಟಲೆ ಇದ್ವು. ಬೀಗದಕೈ ಅಧ್ಯಕ್ಷರಾಗಿದ್ದ ನಿಮ್ಮಪ್ಪನ ಜೇಬಲ್ಲಿತ್ತು.”

ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದರು.

“ಏನಂತ ಬರೀಲಿ?”

“ನಡೆದದ್ದು ನಡೆದ ಹಾಗೆ. ಫೈನಲ್ ಆಡಿದ ಇಬ್ಬರ ಹೆಸರೂ ಹಾಕಿ.”

“ಪುಟದಲ್ಲಿ ಅಷ್ಟು ಜಾಗ ಇಲ್ವಲ್ಲಮ್ಮ.”

ಅಜ್ಜಿ ಎದ್ದು ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋದವರು ತಿರುಗಿ ನೋಡಿದರು.

“ನಿಮ್ಮಪ್ಪನ ಫೋಟೋ ಸಣ್ಣದು ಮಾಡಿ.”