ಬೆಳ್ಳಿ ಕರಡಿಗೆ

ಬಸವೇಶ್ವರನಗರದ ಸ್ಕ್ಯಾನ್ ಸೆಂಟರಿನಲ್ಲಿ ಊದಿದ ಕೆನ್ನೆ ಹಿಡಿದು ಕೂತಿದ್ದ ಶುಭಾಳ ಕಿವಿ, ಪಕ್ಕದ ವಯಸ್ಸಾದ ದಂಪತಿಯ ಮಾತಿನತ್ತ ಹೊರಳಿತು.

"ಆಸ್ಪತ್ರೆ ಸಿಟಿ ಸ್ಕ್ಯಾನ್ ಥರ ಇಲ್ಲೂ ಮಲಗಿಸ್ತಾರೇನೆ?"

"ಅಲ್ಲಿ ಮಲಗಿಸಿದ್ದಕ್ಕೆ ಗೊರಕೆ ಹೊಡೆದ್ರಲ್ಲ. ಇದು ಹಲ್ಲಿನ ಸಿಟಿ ರೀ. ಸುಮ್ನೆ ಕೂತಿದ್ರೆ ಮಿಷನ್ನೇ ಮುಖದ ಸುತ್ತ ತಿರುಗುತ್ತೆ."

"ಅದಕ್ಕಿಂತ ವಾಸಿನಾ?"

"ದವಡೆ ಮಟ್ಟಿಗೆ ಇದೇ ಸಾಕಂತೆ, ಕಿರಣಾನೂ ಕಮ್ಮಿಯಂತೆ. ಕೊರಳಲ್ಲಿ ಬೆಳ್ಳಿ ಮಾತ್ರ ಇರಬಾರದಂತೆ."

"ಹಂಗಾದ್ರೆ ಮನೆಗೆ ನಡಿ. ಇಷ್ಟಲಿಂಗ ಮೈ ಬಿಡಬಾರದು."

"ಬಿಡಿ ಅಂದೋರ್ಯಾರು? ಕರಡಿಗೆ ನಂಗೆ ಕೊಡಿ. ಅದರೊಳಗಿನ ಲಿಂಗಾನ ಈ ವಸ್ತ್ರದಲ್ಲಿ ಸುತ್ತಿ ತೋಳಿಗೆ ಕಟ್ಕೊಳ್ಳಿ."

ಯಜಮಾನರು ಕಟ್ಟಿಕೊಂಡು ತೋಳು ಸವರಿದರು.

"ವಸ್ತ್ರ ಮನೆಯಿಂದ್ಲೇ ತಂದಿದ್ಯಾ?"

ಅಷ್ಟರಲ್ಲಿ ಒಳಗಿನಿಂದ "ಸೋಮಲಿಂಗಪ್ಪ" ಎಂದು ಕೂಗಿದರು.

"ನಿಮ್ಮ ಹಠ ಕಾಣೋಕೆ ನಂಗೆ ಯಾವ ಸಿಟಿನೂ ಬೇಕಿಲ್ಲ. ನಡೀರಿ," ಎಂದು ಆಕೆ ಬಾಗಿಲವರೆಗೂ ಕರೆದೊಯ್ದರು.